ಬೀಸುವುದು, ಅರೆಯುವುದು, ರುಬ್ಬುವುದು
(ಚಂದಕವಾಡಿಯಲ್ಲಿ ಮಾಡಿದ ಭಾಷಣ)



ಒಣ ರಾಗಿಯನ್ನು ನಾವು ಬೀಸುತ್ತೇವೆ, ಮೆಣಸಿನಕಾಯಿಯನ್ನು ಅರೆಯುತ್ತೇವೆ, ನೆನೆದ ಅಕ್ಕಿ, ಉದ್ದನ್ನು ಒರಳಲ್ಲಿ ರುಬ್ಬುತ್ತೇವೆ, ಕುಡುಗೋಲನ್ನು ಮಸೆಯುತ್ತೇವೆ. ಇಂಗ್ಲಿಷಿನಲ್ಲಿ ಈ ನಾಲ್ಕಕ್ಕೂ 'ಗ್ರೈಂಡ್' ಎಂಬ ಒಂದೇ ಮಾತು ನಡೆಯುತ್ತದೆ. ಕನ್ನಡದಲ್ಲಿ ನಡೆಯದು. ಬೀಸುವಾಗ ಗೂಟ ಹಿಡಿದು ಮೇಲುಗಲ್ಲನ್ನು ತಿರುಗಿಸಬೇಕು, ಅರೆಯುವಾಗ ಗುಂಡನ್ನು ಹಿಂದಕ್ಕೂ ಮುಂದಕ್ಕೂ ಎಳೆಯಬೇಕು, ರುಬ್ಬುವಾಗ ಕುಳಿಯೊಳಗೆ ಸುತ್ತಿಸಬೇಕು. ಈ ಭೇದವನ್ನೆಲ್ಲ ಭಾಷೆಗೆ ಕಲಿಸಿದವರು ರಟ್ಟೆ ಸವೆಸಿದ ನಮ್ಮ ಹೆಂಗಸರು.

ಕೋಳಿ ಕೂಗುವ ಮೊದಲೆದ್ದು ಅವರು ಹಾಡಿದ ಬೀಸುವ ಪದಗಳನ್ನು ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದರು. ಬೀಸಿದ ದುಡಿಮೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

1948ರ ಕನಿಷ್ಠ ವೇತನ ಕಾಯಿದೆಯ ಪಟ್ಟಿಗೆ ಅಕ್ಕಿ, ಹಿಟ್ಟು, ಬೇಳೆ ಗಿರಣಿಗಳ ಕೆಲಸ ಸೇರಿತು; ಕಲ್ಲು ಒಡೆಯುವ ಕೆಲಸವೂ ಸೇರಿತು. ಗಿರಣಿಯಲ್ಲಿ ಹಿಟ್ಟು ಮಾಡಿದರೆ ದುಡಿಮೆ, ಮನೆಯಲ್ಲಿ ಮಾಡಿದರೆ ಬರೀ ಮನೆಗೆಲಸ! ಗಿರಣಿ, ಮಿಕ್ಸಿ ಬಂದು ರಟ್ಟೆಗೆ ಬಿಡುವು ಸಿಕ್ಕಿದೆ, ಒಳ್ಳೆಯದೇ ಆಯಿತು. ಆದರೆ ಹೊಲದಲ್ಲಿ ಕಳೆ ಕಿತ್ತು ಬಂದವಳೇ ಇನ್ನೂ ಒಲೆ ಹೊತ್ತಿಸುತ್ತಾಳೆ.

ನಮ್ಮನ್ನು ಹಿಂಡುವ ಸಾಹುಕಾರನನ್ನು 'ತಲೆಯ ಮೇಲೆ ಮೆಣಸು ಅರೆಯುತ್ತಾನೆ' ಎಂದು ಬಯ್ಯುತ್ತೇವೆ. ಮನೆಯೊಳಗೆ ಯಾರ ತಲೆಯ ಮೇಲೆ ಯಾರು ಅರೆಯುತ್ತಿದ್ದಾರೆಂದೂ ಕೇಳಬೇಕಲ್ಲವೆ?

ಒಂದೇ ಕೆಲಸಕ್ಕೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಎಂದು 1976ರಲ್ಲೇ ಕಾಯಿದೆಯಾಯಿತು. ಆದ್ದರಿಂದ ಕೂಲಿಯ ಮಾತುಕತೆಗೆ ಹೆಂಗಸರೂ ಬಂದು ಕೂರಲಿ. ಅವರು ಸಭೆಯಿಂದ ಮರಳುವ ಹೊತ್ತಿಗೆ ಮನೆಯಲ್ಲಿ ಗಂಡಸರು ಹಿಟ್ಟು ಬೇಯಿಸಿಟ್ಟಿರಲಿ.