ಚಿತ್ರ ಯಾರದು, ಗೊಂಬೆ ಯಾರದು?



ಶಾಲೆಗಳು ಆರಂಭವಾಗುವ ಕಾಲಕ್ಕೆ ಅಂಗಡಿಗಳ ಮುಂದೆ ಬಣ್ಣಬಣ್ಣದ ಸ್ಕೂಲ್ ಬ್ಯಾಗುಗಳನ್ನು ತೂಗುಹಾಕಿರುತ್ತಾರೆ. ಬ್ಯಾಗಿನ ಬಟ್ಟೆಗೆ ಬೆಲೆಯುಂಟು, ಹೊಲಿಗೆಗೆ ಕೂಲಿಯುಂಟು. ಆದರೆ ಮಗು ಹಟ ಹಿಡಿಯುವುದು ಅದರ ಮೇಲಿರುವ ಇಲಿಯ ಚಿತ್ರಕ್ಕೆ. ಆ ಚಿತ್ರದ ಬೆಲೆ ಯಾರಿಗೆ ಸಲ್ಲಬೇಕು? ಚಿತ್ರ ಬರೆದವರು ತೀರಿಹೋಗಿ ಎಷ್ಟೋ ವರ್ಷಗಳಾಗಿದ್ದರೆ ಅದನ್ನು ಯಾರು ಬೇಕಾದರೂ ಬಳಸಬಹುದೇ? ಹಳೆಯ ಕಾರ್ಟೂನ್ ಪಾತ್ರಗಳ ಕೃತಿಸ್ವಾಮ್ಯದ ಬಗ್ಗೆ ಇಂದು ಸ್ವಲ್ಪ ವಿಚಾರ ಮಾಡೋಣ.

ಮಿಕ್ಕಿ ಮೌಸ್ ಹುಟ್ಟಿದ್ದೇ ಇಂಥದೊಂದು ಹಕ್ಕಿನ ನಷ್ಟದಿಂದ. ಅಮೆರಿಕದ ವಾಲ್ಟ್ ಡಿಸ್ನಿ ಮೊದಲು ಆಸ್ವಾಲ್ಡ್ ಎಂಬ ಮೊಲದ ಚಿತ್ರಗಳನ್ನು ತಯಾರಿಸುತ್ತಿದ್ದರು. ಆದರೆ ಒಪ್ಪಂದದ ಪ್ರಕಾರ ಮೊಲದ ಹಕ್ಕು ಯೂನಿವರ್ಸಲ್ ಸಂಸ್ಥೆಯದಾಗಿತ್ತು. 1928ರಲ್ಲಿ ಆ ಮೊಲ ಡಿಸ್ನಿಯವರ ಕೈತಪ್ಪಿತು. ಅದೇ ವರ್ಷ ಅವರೂ ಚಿತ್ರಕಾರ ಅಬ್ ಐವರ್ಕ್ಸ್ ಅವರೂ ಸೇರಿ ಮಿಕ್ಕಿಯನ್ನು ರೂಪಿಸಿದರು. ಈ ಬಾರಿ ಡಿಸ್ನಿ ಹಕ್ಕನ್ನು ಬಿಟ್ಟುಕೊಡಲಿಲ್ಲ. 1932ರಲ್ಲಿ ಕೇ ಕೇಮನ್ ಎಂಬವರು ಮಿಕ್ಕಿಯ ಚಿತ್ರ ಬಳಸಲು ಪರವಾನಗಿ ನೀಡುವ ವ್ಯವಹಾರವನ್ನು ವಹಿಸಿಕೊಂಡರು. 1933ರಲ್ಲಿ ಇಂಗರ್‌ಸಾಲ್ ಕಂಪನಿಯ ಮಿಕ್ಕಿ ಗಡಿಯಾರ ಮಾರುಕಟ್ಟೆಗೆ ಬಂತು. ಸಿನಿಮಾ ಟಿಕೇಟಿನ ಜೊತೆಗೆ ಸಾಮಾನಿನ ಮೇಲಿನ ರಾಯಧನವೂ ಒಂದು ದೊಡ್ಡ ಆದಾಯವಾಗಬಲ್ಲದೆಂದು ಜಗತ್ತಿಗೆ ತಿಳಿಯಿತು.

ಎಲ್ಲ ಕಲಾವಿದರಿಗೂ ಈ ಜಾಗ್ರತೆ ಸಾಧ್ಯವಾಗಲಿಲ್ಲ. 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್ ಎಂಬ ಇಬ್ಬರು ತರುಣರು ತಾವು ಸೃಷ್ಟಿಸಿದ ಸೂಪರ್‌ಮ್ಯಾನ್ ಪಾತ್ರದ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಮುಂದೆ ಆ ಪಾತ್ರದಿಂದ ಕೋಟಿಗಟ್ಟಲೆ ಹಣ ಹರಿಯಿತು. ಬಹುಕಾಲದ ಹೋರಾಟದ ನಂತರ 1975ರಲ್ಲಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರಿನ ಪಿಂಚಣಿ ಗೊತ್ತಾಯಿತು. ಅಂದು ಅವರ ಕೈಸೇರಿದ್ದ ಚೆಕ್ಕು, ಬರಿಯ ಕಾಗದವಾಗಿ, 2012ರ ಹರಾಜಿನಲ್ಲಿ 1,60,000 ಡಾಲರಿಗೆ ಮಾರಾಟವಾಯಿತು!

ಕೃತಿಸ್ವಾಮ್ಯವೇನೂ ಶಾಶ್ವತವಲ್ಲ. ಅವಧಿ ಮುಗಿದ ಮೇಲೆ ಕೃತಿ ಎಲ್ಲರ ಸೊತ್ತು. ಆದರೆ ಆ ಅವಧಿಯೇ ಬೆಳೆಯುತ್ತಾ ಬಂದಿದೆ. ಮಿಕ್ಕಿಯ ಮೊದಲ ಶಬ್ದಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’ 1928ರ ನವೆಂಬರಿನಲ್ಲಿ ತೆರೆಕಂಡಾಗ ಅಮೆರಿಕದಲ್ಲಿ ಗರಿಷ್ಠ ಅವಧಿ 56 ವರ್ಷ. 1976ರ ಕಾನೂನು ಅದನ್ನು 75ಕ್ಕೂ, 1998ರ ಕಾನೂನು 95ಕ್ಕೂ ಏರಿಸಿದವು. ಕೊನೆಗೆ 2024ರ ಜನವರಿ 1ರಂದು ಆ ಚಿತ್ರ ಅಮೆರಿಕದಲ್ಲಿ ಮುಕ್ತವಾಯಿತು.

ಇಲ್ಲಿಯೇ ಬಹಳ ಜನ ಎಡವುವುದು. ಮುಕ್ತವಾದದ್ದು ಕಪ್ಪು-ಬಿಳುಪಿನ, ಕೈಗವಸಿಲ್ಲದ ಆ ಮೊದಲ ಮಿಕ್ಕಿ. ಅನಂತರದ ಚಿತ್ರಗಳಲ್ಲಿ ಅವನಿಗೆ ಹೊಸದಾಗಿ ಸೇರಿದ ರೂಪ, ಬಣ್ಣಗಳ ಲೆಕ್ಕ ಆಯಾ ಚಿತ್ರದ ವರ್ಷದಿಂದ ಬೇರೆಯೇ. ಅಂದರೆ ಹಳೆಯ ಪಾತ್ರವೊಂದು ಕಂತುಕಂತಾಗಿ ಬಿಡುಗಡೆಯಾಗುತ್ತದೆ.

ಇನ್ನೊಂದು ತೊಡಕು ವ್ಯಾಪಾರ ಚಿಹ್ನೆಯದು, ಅಂದರೆ ಟ್ರೇಡ್ ಮಾರ್ಕಿನದು. ಕೃತಿಸ್ವಾಮ್ಯ ಕಾಪಾಡುವುದು ಚಿತ್ರವನ್ನು. ಟ್ರೇಡ್ ಮಾರ್ಕ್ ಕಾಪಾಡುವುದು ‘ಈ ಸಾಮಾನು ಇಂಥವರದು’ ಎಂಬ ಗಿರಾಕಿಯ ನಂಬಿಕೆಯನ್ನು. ನಮ್ಮ 1999ರ ಕಾನೂನಿನ ಪ್ರಕಾರ ಅದರ ನೋಂದಣಿ 10 ವರ್ಷಕ್ಕೆ. ಆದರೆ ಶುಲ್ಕ ಕಟ್ಟಿ ಎಷ್ಟು ಸಲ ಬೇಕಾದರೂ ನವೀಕರಿಸಬಹುದು. ಆದ್ದರಿಂದ ಚಿತ್ರ ಮುಕ್ತವಾಗಿದ್ದರೂ, ಮೂಲ ಕಂಪನಿಯದೇ ಮಾಲೆಂದು ಗಿರಾಕಿ ತಪ್ಪು ತಿಳಿಯುವಂತೆ ಹೆಸರನ್ನೋ ಗುರುತನ್ನೋ ಅಚ್ಚುಹಾಕುವ ಹಾಗಿಲ್ಲ.

‘ಅವರು ಬರೆದದ್ದು ಕಾಗದದ ಮೇಲೆ, ನಾವು ಮಾಡಿದ್ದು ಗೊಂಬೆ’ ಎಂಬ ವಾದವೂ ನಿಲ್ಲುವುದಿಲ್ಲ. ಪಪಾಯ್ ಎಂಬ ನಾವಿಕನ ಗೊಂಬೆಗಳ ಮೊಕದ್ದಮೆಯಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1941ರಲ್ಲೇ ಇದನ್ನು ಇತ್ಯರ್ಥಪಡಿಸಿತು. ಚಿತ್ರದಿಂದ ಮಾಡಿದ ಗೊಂಬೆಯನ್ನು ನೋಡಿ ಇನ್ನೊಂದು ಗೊಂಬೆ ಮಾಡಿದರೂ ಅದು ಮೂಲಚಿತ್ರದ ನಕಲೇ ಎಂಬುದು ಆ ತೀರ್ಪು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯೂ ಚಿತ್ರಕ್ಕೆ ಗೊಂಬೆಯ ರೂಪ ಕೊಡುವ ಹಕ್ಕನ್ನು ಒಡೆಯನಿಗೇ ಇಟ್ಟಿದೆ.

ಅವಧಿಯೂ ದೇಶದಿಂದ ದೇಶಕ್ಕೆ ಬೇರೆ. ಪಪಾಯ್‌ನನ್ನು ಸೃಷ್ಟಿಸಿದ ಸೀಗರ್ 1938ರಲ್ಲಿ ತೀರಿಕೊಂಡರು. ಮರಣಾನಂತರ 70 ವರ್ಷದ ಲೆಕ್ಕವಿರುವ ಬ್ರಿಟನ್ನಿನಲ್ಲಿ ಅವರ ಚಿತ್ರಗಳು 2009ಕ್ಕೆ ಮುಕ್ತವಾದವು. ಅಮೆರಿಕದಲ್ಲಿ 1929ರ ಮೊದಲ ಪಪಾಯ್ ಮುಕ್ತವಾಗಲು 2025 ಬರಬೇಕಾಯಿತು. ಆದುದರಿಂದ ಅಮೆರಿಕದ ಸುದ್ದಿಯನ್ನು ಓದಿ ಇಲ್ಲಿ ಅಚ್ಚಿನ ಯಂತ್ರ ತಿರುಗಿಸುವುದು ಜಾಣತನವಲ್ಲ. ಮಾಲು ಎಲ್ಲಿ ಮಾರಾಟವಾಗುವುದೋ ಅಲ್ಲಿನ ಕಾನೂನನ್ನು ವಿಚಾರಿಸಬೇಕು.

ನಮ್ಮಲ್ಲಿ ಚಿತ್ರಕಲಾಕೃತಿಗೆ ಕಲಾವಿದನ ಜೀವಿತಕಾಲ, ಆ ಮೇಲೆ 60 ವರ್ಷ. ಮೈಸೂರಿನಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್ ಅವರ ‘ಶ್ರೀಸಾಮಾನ್ಯ’ನನ್ನು ಯಾರು ಬಲ್ಲರು ಎಂದು ಕೇಳಬೇಕೇ? ಚೌಕಳಿ ಕೋಟಿನ ಆ ಮುದುಕ ಬೆಂಗಳೂರಿನ ಏರ್ ಡೆಕ್ಕನ್ ವಿಮಾನಸಂಸ್ಥೆಯ ಲಾಂಛನವೂ ಆಗಿದ್ದ. ಲಕ್ಷ್ಮಣ್ 2015ರಲ್ಲಿ ನಿಧನರಾದರು. ಅವರ ಚಿತ್ರಗಳ ಕೃತಿಸ್ವಾಮ್ಯ 2075ರ ಕೊನೆಯವರೆಗೂ ಇರುತ್ತದೆ.

ಈಗ ಚಿತ್ರ ಬರೆಯುವ ತರುಣರಿಗೆ ಒಂದು ಮಾತು. ನೀವು ಪತ್ರಿಕೆಯ ನೌಕರಿಯಲ್ಲಿದ್ದು ಬರೆದ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾಲೀಕರದು. ಬೇರೆ ಕರಾರು ಇಲ್ಲದಿದ್ದರೆ ಮಿಕ್ಕ ಹಕ್ಕೆಲ್ಲ ನಿಮ್ಮದೇ ಎನ್ನುತ್ತದೆ ನಮ್ಮ ಕಾಯಿದೆ. ಗೊಂಬೆ, ಅಂಗಿ, ಟಿಫಿನ್ ಡಬ್ಬಿ ಎಲ್ಲವೂ ಅದರಲ್ಲಿ ಬಂತು. ಹಕ್ಕಿನ ವರ್ಗಾವಣೆ ಲಿಖಿತದಲ್ಲಿರಬೇಕು, ಸಹಿ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷ. ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಆದರೆ ‘ಎಲ್ಲ ಹಕ್ಕು, ಎಲ್ಲ ಕಾಲಕ್ಕೆ’ ಎಂದು ಬರೆದುಕೊಟ್ಟವರಿಗೆ ಈ ರಕ್ಷಣೆ ಒದಗದು.

ತಯಾರಕರಿಗೂ ಪರವಾನಗಿ ಎಂದರೆ ಹೆದರಿಕೆ ಬೇಡ. ಯಾವ ಸಾಮಾನು, ಯಾವ ಊರು, ಎಷ್ಟು ಕಾಲ, ಶೇಕಡಾ ಎಷ್ಟು ರಾಯಧನ, ಈ ನಾಲ್ಕನ್ನು ಸ್ಪಷ್ಟವಾಗಿ ಬರೆಸಿಕೊಂಡರೆ ಅರ್ಧ ಜಗಳ ತಪ್ಪಿದಂತೆ. ತಿಳಿದೂ ತಿಳಿದೂ ನಕಲು ಮಾಡಿದರೆ ಮೂರು ವರ್ಷದವರೆಗೆ ಸೆರೆವಾಸವುಂಟು. ಅದಕ್ಕಿಂತ, ದುಬಾರಿಯ ಪಾತ್ರವನ್ನು ಕದಿಯುವ ಬದಲು ನಮ್ಮೂರಿನ ಚಿತ್ರಕಾರರಿಂದಲೇ ಹೊಸ ಪಾತ್ರವೊಂದನ್ನು ಬರೆಸಿ ನ್ಯಾಯವಾದ ರಾಯಧನ ಕೊಟ್ಟರೆ ಆಗದೇ? ಮಿಕ್ಕಿಯೂ ಒಂದು ಕಾಲಕ್ಕೆ ಯಾರೂ ಹೆಸರು ಕೇಳದ ಇಲಿಯೇ ಆಗಿದ್ದ.