ಸಾಲಿಗ್ರಾಮವೂ ಶಿಲೆಯ ವಯಸ್ಸೂ



ಕಾಶಿಯ ವಿಶ್ವನಾಥ ಗಲ್ಲಿಯಲ್ಲಿ ಪೂಜಾಸಾಮಗ್ರಿಯ ಅಂಗಡಿಗಳನ್ನು ದಾಟಿ ದರ್ಶನಕ್ಕೆ ಹೋಗುವ ಕನ್ನಡ ಯಾತ್ರಿಕರಲ್ಲಿ ಅನೇಕರ ಮನೆಯ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮವುಂಟು. ಶಿಲಾಸ್ತರಗಳ ವಯಸ್ಸನ್ನು ಮಕ್ಕಳಿಗೆ ತಿಳಿಸಲು ಅದೇ ಸಾಕು. ದೇವರ ಕಲ್ಲನ್ನು ಪಾಠಶಾಲೆಗೆ ಒಯ್ಯಬಹುದೇ ಎಂದು ಹಿರಿಯರು ಕೇಳಿಯಾರು. ಒಯ್ಯಬೇಡಿ, ಮಕ್ಕಳನ್ನೇ ಅದರ ಮುಂದೆ ಕೂರಿಸಿರಿ.

ಸಾಲಿಗ್ರಾಮದ ಚಕ್ರವು ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪಿನ ಅಚ್ಚು. ಹಿಮಾಲಯವು ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿದ್ದಿತು. ಅಮೋನೈಟ್‌ಗಳ ಒಂದೊಂದು ಜಾತಿಯೂ ದೂರ ಹರಡಿ, ಅಲ್ಪಕಾಲ ಬಾಳಿ, ಅಳಿಯಿತು. ಆದುದರಿಂದ ಗಂಡಕಿ, ಸ್ಪಿತಿ, ಕಚ್ಛ್ ಪ್ರದೇಶಗಳ ಪದರಗಳಲ್ಲಿ ಒಂದೇ ಜಾತಿಯ ಚಿಪ್ಪು ಸಿಕ್ಕರೆ ಆ ಪದರಗಳು ಸಮಕಾಲೀನವೆನ್ನುತ್ತೇವೆ. ಪದರಕ್ಕೊಂದು ಪಳೆಯುಳಿಕೆಯೆಂಬ ಈ ತತ್ತ್ವದಿಂದಲೇ ವಿಲಿಯಂ ಸ್ಮಿತ್ 1815ರಲ್ಲಿ ಇಂಗ್ಲೆಂಡಿನ ಶಿಲಾನಕ್ಷೆಯನ್ನು ಪ್ರಕಟಿಸಿದನು.

ಆದರೆ ಚಿಪ್ಪು ಹೇಳುವುದು ಹಿಂದು ಮುಂದಿನ ಸಾಲನ್ನು ಮಾತ್ರ. ವರ್ಷಗಳ ಲೆಕ್ಕವನ್ನು, ಅಂಥ ಚಿಪ್ಪುಗಳಿರುವ ಪದರಗಳ ನಡುವೆ ಎಲ್ಲಿಯಾದರೂ ಬಿದ್ದ ಜ್ವಾಲಾಮುಖಿಯ ಬೂದಿಯಲ್ಲಿ ಯುರೇನಿಯಂ ಸೀಸವಾಗುವ ಗತಿಯಿಂದ ತೆಗೆಯುತ್ತೇವೆ. ಹೀಗೆ ಜುರಾಸಿಕ್ ಯುಗವು ಸುಮಾರು 20 ಕೋಟಿ ವರ್ಷಗಳ ಹಿಂದೆ ತೊಡಗಿ 14 ಕೋಟಿ ವರ್ಷಗಳ ಹಿಂದೆ ಮುಗಿಯಿತೆಂದು ತಿಳಿದಿದ್ದೇವೆ. ಸಾಲಿಗ್ರಾಮಗಳಲ್ಲಿ ಹೆಚ್ಚಿನವು ಆ ಯುಗದವು.

ನದಿ ಉರುಳಿಸಿ ತಂದ ಕಲ್ಲು ತನ್ನ ಕಾಲವನ್ನು ಹೇಳೀತು. ಕೆಳಗೇನಿತ್ತು, ಮೇಲೇನಿತ್ತು ಎಂಬುದನ್ನು ಹೇಳದು. ಆದಕಾರಣ ಬಂಡೆಯಲ್ಲಿ ಚಿಪ್ಪನ್ನು ಕಂಡ ವಿದ್ಯಾರ್ಥಿಗೆ ನಾವು ಮೊದಲು ಕಲಿಸಬೇಕಾದುದು ಅದನ್ನು ಕೀಳುವುದನ್ನಲ್ಲ. ಯಾವ ಪದರವೆಂದು ನೋಡಿ ಬರೆದಿಡುವುದನ್ನು. ಗುರುತಿಲ್ಲದೆ ಕಿತ್ತ ಚಿಪ್ಪನ್ನು ಮರಳಿ ಅದರ ಪದರಕ್ಕೆ ಸೇರಿಸುವುದು ಕಷ್ಟ.