ಲಿನಕ್ಸ್ ಬಳಕೆದಾರರ ಬೇಡಿಕೆ ಮತ್ತು ಹೊರನಾಡ ಕನ್ನಡ

(ಹೈದರಾಬಾದಿನ ಕನ್ನಡಿಗರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಹೊರನಾಡ ಕನ್ನಡಿಗರ ವೇದಿಕೆಗಳಲ್ಲಿ ಸಾಮಾನ್ಯವಾಗಿ ಚರ್ಚೆಗೆ ಬರುವುದು ಗಡಿ, ಶಾಲೆ, ಸಾಹಿತ್ಯ, ರಂಗಭೂಮಿಗಳ ವಿಷಯ. ಗಣಕಯಂತ್ರದ ಮಾತು ಇಲ್ಲಿಗೆ ಸಲ್ಲದೆಂದು ಕೆಲವರಿಗೆ ತೋರಬಹುದು. ಆದರೆ ಲಿನಕ್ಸ್ ಬಳಸುವವರು ಹಲವು ವರ್ಷಗಳ ಕಾಲ ಮಂಡಿಸಿದ ಬೇಡಿಕೆಯೊಂದರಲ್ಲಿ ನಮ್ಮ ಸ್ಥಿತಿಗೆ ಬಹಳ ಹತ್ತಿರವಾದ ಪ್ರಶ್ನೆಯಿದೆ. ಸಂಖ್ಯೆಯಲ್ಲಿ ಕಡಿಮೆ ಇರುವವರು ತಮಗೆ ಬೇಕಾದುದನ್ನು ತಮ್ಮದೇ ರೂಪದಲ್ಲಿ ಕೇಳುವುದು ನ್ಯಾಯವೇ? ಕೇಳಿದರೆ ಅದು ದೊರೆಯುವುದು ಯಾವ ಷರತ್ತಿನ ಮೇಲೆ? ಈ ಎರಡು ಪ್ರಶ್ನೆಗಳನ್ನು ನಾನು ನಿಮ್ಮ ಮುಂದಿಡಬಯಸುತ್ತೇನೆ.

ಮೊದಲು ವಿಷಯದ ಪರಿಚಯ. ಗಣಕವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯವ್ಯವಸ್ಥೆ ಎನ್ನುತ್ತಾರೆ. ವಿಂಡೋಸ್ ಅಂಥದೊಂದು; 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಮತ್ತೊಂದು. ಲಿನಕ್ಸ್‌ನ ಮೂಲ ಬರಹವನ್ನು ಯಾರೂ ಓದಬಹುದು, ತಿದ್ದಬಹುದು, ಹಂಚಬಹುದು. ಒಂದು ವ್ಯವಸ್ಥೆಗೆಂದು ಬರೆದ ತಂತ್ರಾಂಶ ಇನ್ನೊಂದರಲ್ಲಿ ತಾನಾಗಿ ನಡೆಯುವುದಿಲ್ಲ. ಅಂತರ್ಜಾಲದ ಪುಟಗಳನ್ನು ತೆರೆದು ತೋರಿಸುವ ಬ್ರೌಸರ್‌ಗೂ ಇದೇ ನಿಯಮ. ಆದ್ದರಿಂದ ಲಿನಕ್ಸ್ ಬಳಕೆದಾರರು ತಮಗೆ ಮೆಚ್ಚುಗೆಯಾದ ಬ್ರೌಸರ್ ಲಿನಕ್ಸ್‌ಗೆಂದೇ ಸಿದ್ಧವಾಗಿ ಬರಬೇಕೆಂದು ಕೇಳುತ್ತ ಬಂದರು.

ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 1995ರಲ್ಲಿ ಹೊರಬಂತು. ಮುಂದೆ ಮೆಕಿಂಟೋಷ್‌ಗೂ, ಸೋಲಾರಿಸ್ ಮೊದಲಾದ ಯುನಿಕ್ಸ್ ವ್ಯವಸ್ಥೆಗಳಿಗೂ ಅದರ ಆವೃತ್ತಿಗಳು ಬಂದವು. ಯುನಿಕ್ಸ್‌ನ ಹತ್ತಿರದ ಬಂಧುವಾದ ಲಿನಕ್ಸ್‌ಗೆ ಮಾತ್ರ, 2022ರಲ್ಲಿ ಆ ಬ್ರೌಸರ್ ನಿವೃತ್ತವಾಗುವವರೆಗೂ, ಬರಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಜಗತ್ತಿನ ನೂರಕ್ಕೆ 90ಕ್ಕೂ ಹೆಚ್ಚು ಓದುಗರು ಅದನ್ನೇ ಬಳಸುತ್ತಿದ್ದುದರಿಂದ ಎಷ್ಟೋ ಬ್ಯಾಂಕುಗಳೂ ಸರಕಾರಿ ಇಲಾಖೆಗಳೂ ತಮ್ಮ ತಾಣಗಳನ್ನು ಅದೊಂದಕ್ಕೇ ಹೊಂದಿಸಿ ಕಟ್ಟಿದವು. ಬೇರೆ ಬ್ರೌಸರ್‌ನಿಂದ ಬಂದವನಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಕನ್ನಡದ ಓದುಗನಿಗೆ ಇದರ ಪೆಟ್ಟು ಇಮ್ಮಡಿಯಾಗಿತ್ತು. 1996ರಲ್ಲಿ ‘ವಿಶ್ವಕನ್ನಡ’ದೊಂದಿಗೆ ಕನ್ನಡ ಅಂತರ್ಜಾಲಕ್ಕೆ ಕಾಲಿಟ್ಟಿತು. ಆಗಿನ ಗಣಕಗಳಲ್ಲಿ ಕನ್ನಡ ಅಕ್ಷರಗಳು ಇರುತ್ತಿರಲಿಲ್ಲ. ಆದುದರಿಂದ ಪುಟದ ಜೊತೆಗೆ ಅಕ್ಷರರೂಪಗಳನ್ನೂ, ಎಂದರೆ ಫಾಂಟನ್ನೂ, ಓದುಗನ ಯಂತ್ರಕ್ಕೆ ಕಳುಹಿಸುವ ವಿಧಾನ ರೂಢಿಗೆ ಬಂತು. ಹೆಚ್ಚು ಬಳಕೆಗೆ ಬಂದ ವಿಧಾನ ಮೈಕ್ರೋಸಾಫ್ಟಿನದು. ಅದು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ನಡೆಯುತ್ತಿತ್ತು. ಲಿನಕ್ಸ್ ಯಂತ್ರದಲ್ಲಿ ಅಂಥ ಪುಟ ತೆರೆದರೆ ಕಾಣಿಸುತ್ತಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮುದ್ರಿತ ಪತ್ರಿಕೆ ಹೊತ್ತಿಗೆ ಸರಿಯಾಗಿ ತಲುಪದ ಊರುಗಳಲ್ಲಿ ನೆಲೆಸಿದ ಕನ್ನಡಿಗನಿಗೆ ತಾಯ್ನಾಡಿನ ಸುದ್ದಿಯ ಬಾಗಿಲೇ ಹೀಗೆ ಮುಚ್ಚಿತ್ತೆಂಬುದನ್ನು ನಾವು ಮರೆಯಬಾರದು.

ಆಗ ಉಳಿದ ಉಪಾಯವೆಂದರೆ ‘ವೈನ್’ ಎಂಬ ತಂತ್ರಾಂಶ. 1993ರಲ್ಲಿ ಆರಂಭವಾದ ಇದನ್ನು ದುಭಾಷಿಯೆಂದು ಕರೆಯಬಹುದು. ವಿಂಡೋಸ್‌ಗೆಂದು ಬರೆದ ತಂತ್ರಾಂಶದ ಕೋರಿಕೆಗಳನ್ನು ಅದು ಲಿನಕ್ಸ್‌ಗೆ ತಿಳಿಯುವಂತೆ ಮಾರ್ಪಡಿಸುತ್ತದೆ. ಕೆಲಸ ನಡೆಯುತ್ತದೆ, ಆದರೆ ಎಲ್ಲಿ ತಡವರಿಸುತ್ತದೆಂದು ಮೊದಲೇ ಹೇಳಲಾಗದು. ದುಭಾಷಿಯ ಮೂಲಕ ಬದುಕುವುದರ ಅರ್ಥವನ್ನು ಈ ಊರಿನ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಬೀದರ, ಕಲಬುರಗಿ, ರಾಯಚೂರುಗಳು ನಿಜಾಮರ ಸಂಸ್ಥಾನದಲ್ಲಿದ್ದಾಗ ಕಚೇರಿಯ ಭಾಷೆ ಉರ್ದುವಾಗಿತ್ತು. ಅದನ್ನರಿಯದ ರೈತನ ಅರ್ಜಿಯನ್ನು ಬೇರೊಬ್ಬರು ಬರೆದುಕೊಡಬೇಕಿತ್ತು. ಅರ್ಜಿ ತಲುಪುತ್ತಿತ್ತು, ಅದರಲ್ಲಿ ತನ್ನ ಮಾತು ಎಷ್ಟು ಉಳಿದಿದೆಯೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ.

ಎರಡನೆಯ ಪ್ರಸಂಗ ಗೂಗಲ್ ಸಂಸ್ಥೆಯ ಕ್ರೋಮ್‌ನದು. 2008ರ ಸೆಪ್ಟೆಂಬರ್ 2ರಂದು ಅದು ಹೊರಬಂದಾಗ ವಿಂಡೋಸ್‌ಗೆ ಮಾತ್ರ ಇತ್ತು. ಇದರಲ್ಲೊಂದು ವ್ಯಂಗ್ಯವಿದೆ. ಪುಟವನ್ನು ಚಿತ್ರಿಸುವ ಅದರ ಒಳಯಂತ್ರ ಆಗ ವೆಬ್‌ಕಿಟ್ ಆಗಿತ್ತು. ಲಿನಕ್ಸ್ ಬಳಕೆದಾರರ ಮೆಚ್ಚಿನ ಕೆಡಿಇ ಬಳಗದವರು ರಚಿಸಿದ್ದ ಕೆಎಚ್‌ಟಿಎಂಎಲ್ ಅದರ ಮೂಲ. ಆಪಲ್ ಸಂಸ್ಥೆ ಆ ಮೂಲವನ್ನು ಎತ್ತಿಕೊಂಡು ಬೆಳೆಸಿ 2003ರಲ್ಲಿ ತನ್ನ ಸಫಾರಿಯಲ್ಲಿ ಬಳಸಿತು. ಅಲ್ಲಿಂದ ಅದು ಕ್ರೋಮ್‌ಗೆ ಬಂತು. ಬೀಜ ಕೊಟ್ಟವರ ಮನೆಗೇ ಫಲ ತಡವಾಗಿ ಮುಟ್ಟಿತು. ಕಾದು ಕೂರಲೊಪ್ಪದ ಒಂದು ಕಂಪನಿ ಅದೇ ತಿಂಗಳಲ್ಲಿ ವೈನ್ ಆಧಾರದ ಮೇಲೆ ಲಿನಕ್ಸ್‌ನಲ್ಲಿ ಅದನ್ನು ನಡೆಸಿ ತೋರಿಸಿತು. ಬಳಕೆದಾರರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಕಿಟಕಿ, ಪಟ್ಟಿಗಳನ್ನು ಬಿಡಿಸುವ ಭಾಗ, ಅಪಾಯಕಾರಿ ಪುಟಗಳನ್ನು ಪ್ರತ್ಯೇಕವಾಗಿರಿಸುವ ರಕ್ಷಣೆಯ ಭಾಗ, ಇವೆಲ್ಲ ವಿಂಡೋಸ್‌ಗೆ ಅನುಗುಣವಾಗಿ ಬರೆಯಲ್ಪಟ್ಟಿದ್ದವು. ಲಿನಕ್ಸ್‌ಗಾಗಿ ಹೊಸದಾಗಿ ಬರೆಯಬೇಕಾಯಿತು. 2009ರ ಡಿಸೆಂಬರ್‌ನಲ್ಲಿ ಪರೀಕ್ಷಾರ್ಥ ಆವೃತ್ತಿಯೂ 2010ರ ಮೇ ತಿಂಗಳಲ್ಲಿ ಸ್ಥಿರವಾದ ಆವೃತ್ತಿಯೂ ಬಂದವು.

ಒಂದು ಬರಲೇ ಇಲ್ಲ, ಇನ್ನೊಂದು ಒಂದೂ ಮುಕ್ಕಾಲು ವರ್ಷದೊಳಗೆ ಬಂತು. ಎರಡೂ ಸಂದರ್ಭಗಳಲ್ಲಿ ಲಿನಕ್ಸ್ ಬಳಸುವವರು ಅಲ್ಪಸಂಖ್ಯಾತರೇ. ಕ್ರೋಮ್‌ನ ಬಹುಭಾಗದ ಮೂಲ ಬರಹ ‘ಕ್ರೋಮಿಯಂ’ ಎಂಬ ಹೆಸರಿನಲ್ಲಿ ಮೊದಲ ದಿನವೇ ಸಾರ್ವಜನಿಕವಾಗಿತ್ತು. ಕೆಲಸ ಎಲ್ಲಿಯವರೆಗೆ ಬಂದಿದೆಯೆಂದು ಹೊರಗಿನವರು ನೋಡಬಹುದಾಗಿತ್ತು, ದೋಷ ತೋರಿಸಬಹುದಾಗಿತ್ತು, ಕೈಜೋಡಿಸಬಹುದಾಗಿತ್ತು. ಎಕ್ಸ್‌ಪ್ಲೋರರ್‌ನ ಬಾಗಿಲು ಮುಚ್ಚಿತ್ತು. ಅದರ ಎದುರು ಮನವಿ ಸಲ್ಲಿಸುವುದೊಂದೇ ಉಳಿದಿತ್ತು. ಮುಂದೆ ಮೈಕ್ರೋಸಾಫ್ಟ್ ಕೂಡ ತನ್ನ ಎಡ್ಜ್ ಬ್ರೌಸರ್ ಅನ್ನು ಕ್ರೋಮಿಯಂ ಬುನಾದಿಯ ಮೇಲೆ ಕಟ್ಟಿತು. 2021ರಲ್ಲಿ ಅದರ ಲಿನಕ್ಸ್ ಆವೃತ್ತಿಯನ್ನು ತಾನೇ ಹೊರತಂದಿತು. ಮನವಿಯಿಂದ ಆಗದ ಕೆಲಸ ತೆರೆದ ಬುನಾದಿಯಿಂದ ಆಯಿತೆಂಬುದು ನನ್ನ ಅಭಿಪ್ರಾಯ.

ಆದರೆ ಲಿನಕ್ಸ್‌ಗೆ ಬಂದ ಮಾತ್ರಕ್ಕೆ ಬ್ರೌಸರ್ ಕನ್ನಡಕ್ಕೂ ಬಂದಂತಾಗುವುದಿಲ್ಲ. ಮೊಜಿಲ್ಲಾದವರ ಫೈರ್‌ಫಾಕ್ಸ್ 2004ರ ಮೊದಲ ಆವೃತ್ತಿಯಿಂದಲೇ ಲಿನಕ್ಸ್‌ಗೆ ದೊರೆಯುತ್ತಿತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯುನಿಕೋಡ್‌ನಲ್ಲೇ ಇತ್ತು. ಆದರೂ ಮೊಜಿಲ್ಲಾದವರೇ ಕೊಡುತ್ತಿದ್ದ ಲಿನಕ್ಸ್ ಪ್ರತಿಯಲ್ಲಿ ಒತ್ತಕ್ಷರಗಳು ಒಡೆಯುತ್ತಿದ್ದವು. ‘ಕರ್ನಾಟಕ’ ಎಂಬ ಹೆಸರೇ ಸರಿಯಾಗಿ ಮೂಡುತ್ತಿರಲಿಲ್ಲ. ಅಕ್ಷರಗಳನ್ನು ಕೂಡಿಸಿ ಗುಣಿತ, ಒತ್ತುಗಳನ್ನು ರೂಪಿಸುವ ‘ಪ್ಯಾಂಗೋ’ ಎಂಬ ತಂತ್ರಾಂಶ ಲಿನಕ್ಸ್‌ನಲ್ಲಿ ಇತ್ತಾದರೂ ಬ್ರೌಸರ್ ಅದನ್ನು ಬಳಸುತ್ತಿರಲಿಲ್ಲ. ಫೆಡೋರಾ ಮೊದಲಾದ ಲಿನಕ್ಸ್ ವಿತರಣೆಗಳು ಅದನ್ನು ಜೋಡಿಸಿ ತಮ್ಮದೇ ಪ್ರತಿಯನ್ನು ಕೊಟ್ಟವು. 2008ರ ಮೂರನೆಯ ಆವೃತ್ತಿಯಿಂದ ಮೂಲ ಪ್ರತಿಯಲ್ಲೇ ಅದು ಸೇರಿತು. ಮೂಲ ತೆರೆದಿದ್ದುದರಿಂದಲೇ ಈ ತಿದ್ದುಪಡಿ ಮಧ್ಯದವರಿಗೆ ಸಾಧ್ಯವಾಯಿತು.

ನಮ್ಮ ನೆರೆಯ ತೆಲುಗಿನಲ್ಲಿಯೂ ಇಂಥದೇ ಉದಾಹರಣೆಯಿದೆ. ಮೊಜಿಲ್ಲಾಕ್ಕೆ ಜೋಡಿಸುವ ‘ಪದ್ಮ’ ಎಂಬ ಪೂರಕ ತಂತ್ರಾಂಶವು ತೆಲುಗು ಪತ್ರಿಕಾತಾಣಗಳ ಖಾಸಗಿ ಅಕ್ಷರಸಂಕೇತಗಳನ್ನು ಯುನಿಕೋಡ್‌ಗೆ ಪರಿವರ್ತಿಸಿ ಓದಲು ಕೊಟ್ಟಿತು. ಇದೇ ಹೈದರಾಬಾದಿನ ‘ಸ್ವೇಚ್ಛ’ ಬಳಗ ಲಿನಕ್ಸ್ ಅನ್ನು ತೆಲುಗಿನಲ್ಲಿ ಸಿದ್ಧಪಡಿಸಿತು.

ಕನ್ನಡದಲ್ಲಿ ಏನಾಯಿತು? 1998ರಲ್ಲಿ ಬಂದ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಇವೆರಡೂ ಅಪಾರ ಸೇವೆ ಸಲ್ಲಿಸಿವೆ; ಆದರೆ ಹುಟ್ಟಿದ್ದು ವಿಂಡೋಸ್‌ಗೆ. ಲಿನಕ್ಸ್ ಬಳಸುವ ಕನ್ನಡಿಗನಿಗೆ ಉಪಕಾರವಾದದ್ದು ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ. ಅದು ಎಲ್ಲರಿಗೂ ತಿಳಿದ ವಿನ್ಯಾಸವಾದುದರಿಂದ ಲಿನಕ್ಸ್‌ನೊಳಗೇ ‘ಕಗಪ’ ಎಂಬ ಹೆಸರಿನಲ್ಲಿ ಸೇರಿದೆ. ‘ಕೇದಗೆ’, ‘ಮಲ್ಲಿಗೆ’ ಎಂಬ ಮುಕ್ತ ಫಾಂಟುಗಳೂ ಹಾಗೆಯೇ ಹರಡಿದವು. ಫೈರ್‌ಫಾಕ್ಸ್ ಈಗ ತನ್ನ ಪಟ್ಟಿ, ಸೂಚನೆಗಳ ಸಮೇತ ಕನ್ನಡದಲ್ಲಿ ಸಿಗುತ್ತದೆ. ಇವೆಲ್ಲ ಪರಿಣತರ ಹವ್ಯಾಸವೆಂದು ಭಾವಿಸಬೇಡಿ. ಕೇರಳದ ಶಾಲೆಗಳ ಗಣಕಗಳು ನಡೆಯುವುದು ಲಿನಕ್ಸ್‌ನಿಂದ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕಪಾಠ ಕಲಿಯುವುದೂ ಅದರ ಮೇಲೆಯೇ. ವಿಂಡೋಸ್‌ಗೆ ಮಾತ್ರ ದೊರೆಯುವ ಕನ್ನಡ ತಂತ್ರಾಂಶ ಆ ಮಕ್ಕಳ ಪಾಲಿಗೆ ಇಲ್ಲದಂತೆಯೇ.

‘ಕೆಲವೇ ಜನರಿಗಾಗಿ ಇಷ್ಟು ವೆಚ್ಚವೇಕೆ’ ಎಂಬ ಆಕ್ಷೇಪ ಬರುತ್ತದೆ. ಹೊರನಾಡಿನಲ್ಲಿ ಕನ್ನಡ ಶಾಲೆ ಮುಚ್ಚುವಾಗಲೂ ನಾವು ಕೇಳುವ ಮಾತು ಇದೇ. 1918ರಲ್ಲಿ ಇಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಆರಂಭವಾದಾಗ ದೇಶಭಾಷೆಯಲ್ಲಿ ವಿಜ್ಞಾನ ಕಲಿಸಲಾಗದೆಂಬ ನಂಬಿಕೆ ಬಲವಾಗಿತ್ತು. ಭಾಷಾಂತರ ಶಾಖೆಯನ್ನೇ ತೆರೆದು ಉರ್ದುವಿನಲ್ಲಿ ಅದನ್ನು ಸಾಧಿಸಿ ತೋರಿಸಿದರು. ಆದರೆ ಅದೇ ಸಂಸ್ಥೆಯಲ್ಲಿ ಕನ್ನಡಿಗನೂ ತೆಲುಗನೂ ಮರಾಠಿಗನೂ ಉರ್ದುವಿನ ಮೂಲಕವೇ ಕಲಿಯಬೇಕಾಯಿತು. ಒಬ್ಬರಿಗೆ ಸ್ವಂತವಾದದ್ದು ಇನ್ನೊಬ್ಬರಿಗೆ ಯಜಮಾನಿಕೆಯಾಗುವ ಈ ಎಚ್ಚರ ನಮಗಿರಬೇಕು. ಇಂದು ಎಕ್ಸ್‌ಪ್ಲೋರರ್‌ನ ಸ್ಥಾನದಲ್ಲಿ ಕ್ರೋಮ್ ಕುಳಿತಿದೆ. ಅದೊಂದರಲ್ಲೇ ಪರೀಕ್ಷಿಸಿದ ತಾಣಗಳು ಮತ್ತೆ ಹುಟ್ಟುತ್ತಿವೆ. ಬೇಡಿಕೆ ಒಂದು ಬ್ರೌಸರ್‌ಗೆ ನಿಲ್ಲಬಾರದು. ಯಾವ ಬ್ರೌಸರ್‌ನಲ್ಲಾದರೂ ತೆರೆಯುವ ಪುಟಕ್ಕಾಗಿ ಇರಬೇಕು.

ಕೊನೆಯದಾಗಿ ನನ್ನ ಮೂರು ಸಲಹೆಗಳು. ಭಾರತ ಸರಕಾರ 2010ರಲ್ಲೇ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿದೆ. ಸಾರ್ವಜನಿಕ ಹಣದಿಂದ ಸಿದ್ಧವಾಗುವ ಕನ್ನಡ ತಂತ್ರಾಂಶ ಎಲ್ಲ ಕಾರ್ಯವ್ಯವಸ್ಥೆಗಳಲ್ಲಿ ನಡೆಯಬೇಕು, ಅದರ ಮೂಲ ಬರಹ ತೆರೆದಿರಬೇಕು ಎಂದು ಹೊರನಾಡ ಸಂಘಗಳು ಒಟ್ಟಾಗಿ ಕರ್ನಾಟಕ ಸರಕಾರವನ್ನು ಒತ್ತಾಯಿಸಬೇಕು. ಎರಡನೆಯದಾಗಿ, ಸಂಘಗಳ ಹಳೆಯ ಸಂಚಿಕೆಗಳು, ವರದಿಗಳು ಖಾಸಗಿ ಫಾಂಟುಗಳ ಸಂಕೇತದಲ್ಲಿ ಸಿಲುಕಿದ್ದರೆ ಅವನ್ನು ಯುನಿಕೋಡ್‌ಗೆ ತರಬೇಕು. ಹತ್ತು ವರ್ಷ ತಡವಾದರೆ ನಮ್ಮ ಚರಿತ್ರೆಯನ್ನು ನಾವೇ ಓದಲಾರೆವು. ಮೂರನೆಯದು, ಈ ನಗರದ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುತ್ತಿರುವ ಕನ್ನಡದ ಯುವಕ ಯುವತಿಯರನ್ನು ಸಂಘ ಕರೆದು ಕೆಲಸ ಹಂಚಬೇಕು. ಬ್ರೌಸರ್‌ನ ಸೂಚನೆಗಳ ಅನುವಾದ, ದೋಷಗಳ ವರದಿ, ಫಾಂಟುಗಳ ಪರೀಕ್ಷೆ, ಇವು ರಜಾದಿನಗಳಲ್ಲಿ ಮಾಡಬಹುದಾದ ಕೆಲಸಗಳು. ಲಿನಕ್ಸ್ ಬಳಕೆದಾರರು ಕೇಳಿದ್ದೂ ಹೌದು, ದುಡಿದದ್ದೂ ಹೌದು. ಎರಡನೆಯದಿಲ್ಲದೆ ಮೊದಲನೆಯದಕ್ಕೆ ತೂಕ ಬರುತ್ತಿರಲಿಲ್ಲ.